ಕಡೇಚೂರು: ಕಾರ್ಖಾನೆಯ ನೆರಳಿನಲ್ಲಿ ಕೆಲಸ ಯಾರಿಗೆ?

ನವೆಂಬರ್ ತಿಂಗಳ ಬೆಳಗಿನಲ್ಲಿ ಯಾದಗಿರಿಯಿಂದ ಸೈದಾಪುರದ ಕಡೆ ಹೊರಟರೆ ದಾರಿಯುದ್ದಕ್ಕೂ ಟಂಟಂ ಆಟೊಗಳದೇ ಸಾಲು. ಹಿಂದಿನ ಪಟ್ಟಿ ಹಿಡಿದು ನೇತಾಡುವವರೂ ಸೇರಿ ಎಲ್ಲರೂ ಹತ್ತಿ ಬಿಡಿಸಲು ಹೊರಟವರು. ಹೆಂಗಸರ ಮಧ್ಯೆ ಶಾಲೆಯ ಅಂಗಿಯಲ್ಲೇ ಕುಳಿತ ಹುಡುಗಿಯರು ಕಂಡರು. ಅದೇ ರಸ್ತೆಯಲ್ಲಿ ಮುಂದೆ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶ. ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು ಅಲ್ಲಿವೆ, ರೈಲ್ವೆಯ ಬೋಗಿ ಘಟಕವೂ ಅಲ್ಲೇ.

ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಎಂದು ಕರೆಯುವ ಈ ಭಾಗದವರಿಗೆ ಶಿಕ್ಷಣದಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು. ಖಾಸಗಿ ಕಾರ್ಖಾನೆಯ ಗೇಟಿನಲ್ಲಿ ಆ ವಿಧಿ ನಡೆಯುವುದಿಲ್ಲ.

ಕೈಗಾರಿಕೆಗೆಂದು ಇಲ್ಲಿ ಸ್ವಾಧೀನವಾದ ಜಮೀನು ಮೂರು ಸಾವಿರ ಎಕರೆಗೂ ಹೆಚ್ಚು. ಚಹಾ ಅಂಗಡಿಯಲ್ಲಿ ಕುಳಿತವರ ದೂರು ಎರಡೇ: ರಾತ್ರಿ ಬರುವ ಘಾಟು ವಾಸನೆ, ಹೊಲ ಕೊಟ್ಟವರ ಮಕ್ಕಳಿಗೆ ವಾಚ್‌ಮನ್, ಹಮಾಲಿ ಕೆಲಸ ಬಿಟ್ಟು ಬೇರೇನೂ ಸಿಗದಿರುವುದು. ಮಷೀನ್ ಮುಂದೆ ನಿಲ್ಲುವವರು ಹೊರಗಿನವರು ಎಂಬ ಸಿಟ್ಟು ಅವರ ಮಾತಿನಲ್ಲಿತ್ತು. ಸಿಟ್ಟು ನ್ಯಾಯವಾದದ್ದೇ.

ಆದರೆ ಜಿಲ್ಲೆಯ ಸರ್ಕಾರಿ ಐಟಿಐ ಒಂದರಲ್ಲಿ ಫಿಟ್ಟರ್ ಕಲಿಸುವ ತರಬೇತಿ ಅಧಿಕಾರಿಯೊಬ್ಬರು ಬೇರೆಯದೇ ತಕರಾರು ತೆಗೆದರು. ಮಾತಿಗೆ ಸಿಕ್ಕರೆ ಬಿಡುವವರಲ್ಲ. ವರ್ಕ್‌ಶಾಪಿನ ಮೂಲೆಗೆ ಕರೆದೊಯ್ದು ವರ್ನಿಯರ್ ಕ್ಯಾಲಿಪರ್ ನನ್ನ ಕೈಗಿಟ್ಟರು. ಮೇಲಿನ ಪಟ್ಟಿಯಲ್ಲಿ 24 ಮಿ.ಮೀ., ಕೆಳಗೆ ಹದಿಮೂರನೇ ಗೆರೆ ಕೂಡಿದೆ. ಹದಿಮೂರನ್ನು ಕ್ಯಾಲಿಪರಿನ ಅತಿ ಚಿಕ್ಕ ಅಳತೆಯಾದ 0.02ರಿಂದ ಗುಣಿಸಿ ಕೂಡಿಸಿದರೆ 24.26. ‘ಇಷ್ಟೇ ನೋಡ್ರಿ ಸರ. ಹುಡುಗ್ರು ಅರ ಹಿಡದ್ರ ಕಬ್ಬಿಣ ಸಪಾಟ ಮಾಡಿ ಕೊಡ್ತಾರ, ಕೈಯಾಗ ಅಷ್ಟು ಶಕ್ತಿ ಅದ. ದಶಾಂಶ ಬಂದ್ರ ನಿಂತು ಬಿಡ್ತಾರ. ಆರನೇ ಕ್ಲಾಸಿನ ಲೆಕ್ಕ ಇದು. ಆರನೇ ಕ್ಲಾಸಿನಾಗ ಎಲ್ಲಿದ್ದಿ ಅಂತ ಕೇಳಿದ್ರ, ಹತ್ತಿ ಹೊಲದಾಗ ಅಂತಾರ.’

ಹತ್ತಿ ಒಮ್ಮೆಲೇ ಒಡೆಯುವುದಿಲ್ಲ. ಅಕ್ಟೋಬರಿನಿಂದ ಜನವರಿವರೆಗೆ ಸರದಿಯಲ್ಲಿ ಬಿಡಿಸುತ್ತಲೇ ಇರಬೇಕು. ಕೂಲಿ ಕೆ.ಜಿ. ಲೆಕ್ಕದಲ್ಲಿ, ಹಾಗಾಗಿ ಮಗುವಿನ ಕೈಗೂ ಬೆಲೆ. ಶಾಲೆಯಲ್ಲಿ ಭಿನ್ನರಾಶಿ, ದಶಾಂಶದ ಪಾಠ ಸಾಗುವ ತಿಂಗಳುಗಳೂ ಇವೇ. ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯುತ್ತದೆ, ಮಗು ಮೇಲಿನ ತರಗತಿಗೂ ಹೋಗುತ್ತದೆ, ಲೆಕ್ಕ ಮಾತ್ರ ಹಿಂದೆ ಬೀಳುತ್ತದೆ.

ಎರಡು ವರ್ಷದ ಫಿಟ್ಟರ್, ಎಲೆಕ್ಟ್ರಿಷಿಯನ್ ಕೋರ್ಸಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. 2024ರಲ್ಲಿ ಉಡುಪಿ ಜಿಲ್ಲೆಯ ಫಲಿತಾಂಶ ಶೇ 94, ಯಾದಗಿರಿಯದು ಶೇ 50.59, ರಾಜ್ಯಕ್ಕೇ ಕೊನೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸು, ಹೆಂಗಸರಲ್ಲಿ ಶೇ 41. ಫೇಲಾದ ಹುಡುಗ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾನೆ. ಹುಡುಗಿಗೆ ಮದುವೆ.

ರಾಜ್ಯದ 150 ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿ, ರೋಬೋಟ್‌ನಂಥ ಆಧುನಿಕ ಯಂತ್ರಗಳನ್ನು ತಂದದ್ದು ಒಳ್ಳೆಯದೇ ಆಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಈಗ ಶಾಲೆಗಳತ್ತ ಹಣ ಹರಿಸುತ್ತಿದೆ. ಆದರೆ ಯಂತ್ರದ ಮುಂದೆ ನಿಲ್ಲುವವನು ತಯಾರಾಗುವುದು ಊರಿನ ಕನ್ನಡ ಶಾಲೆಯಲ್ಲಿ. ಅಲ್ಲಿ ಗಣಿತಕ್ಕೆ ಕಾಯಂ ಮೇಷ್ಟ್ರಿಲ್ಲದೆ, ಅತಿಥಿ ಶಿಕ್ಷಕರು ವರ್ಷದ ನಡುವೆ ಬಂದು ನಡುವೆ ಹೋದರೆ ಈ ವೆಚ್ಚವೆಲ್ಲ ಮೇಲಂತಸ್ತಿಗೆ ಸುಣ್ಣ ಬಳಿದಂತೆ.

ಗುಳೆ ಹೋಗುವವರ ಮಕ್ಕಳಿಗೆ ಊರಲ್ಲೇ ಉಳಿಯಲು ಋತುಮಾನ ವಸತಿ ನಿಲಯ ತೆರೆಯುವ ಅವಕಾಶ ಸರ್ಕಾರದ ಯೋಜನೆಯಲ್ಲೇ ಇದೆ. ಹತ್ತಿ ಸೀಮೆಯ ಹಳ್ಳಿಗಳಲ್ಲಿ ಅವು ಹತ್ತಿ ಬಿಡಿಸುವವರ ಮಕ್ಕಳಿಗೂ ದಸರೆ ರಜೆ ಮುಗಿಯುವ ಮೊದಲೇ ಬಾಗಿಲು ತೆರೆಯಲಿ, ಸಂಜೆ ಲೆಕ್ಕದ ಪಾಠ ನಡೆಯಲಿ. ಕಡೇಚೂರಿನ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಯ ಹಣವನ್ನು ಮೊದಲು ಇದಕ್ಕೆ ಕೊಡಲಿ. ಜಮೀನು ಕೊಟ್ಟ ಊರುಗಳಿಗೆ ಅವು ತೀರಿಸಬೇಕಾದ ಬಾಕಿ ಇದು.