ಏನನ್ನೂ ಎಸೆಯದ ಮನೆ

ಆಂಟ್‌ವರ್ಪ್ ನೋಡಲು ಒಂದು ದಿನ ಧಾರಾಳ ಎಂದು ಹೇಳಿ ಕಳಿಸಿದ್ದರು. ಬ್ರಸೆಲ್ಸ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ, ಬೆಳಗ್ಗೆ ಹೊರಟರೆ ಸಂಜೆಗೆ ವಾಪಸ್. ನಾನೂ ಚೀಟಿ ಬರೆದುಕೊಂಡಿದ್ದೆ: ರೈಲು ನಿಲ್ದಾಣ, ವಜ್ರದ ಬೀದಿ, ದೊಡ್ಡ ಚೌಕ, ಕೆಥೆಡ್ರಲ್, ಪ್ಲಾಂಟಿನ್-ಮೊರೆಟಸ್ ಮುದ್ರಣಾಲಯ, ಹೊಳೆದಂಡೆಯ ಕೋಟೆ, ಹೊಳೆಯಡಿಯ ಸುರಂಗ. ಮುದ್ರಣಾಲಯದ ಮುಂದೆ ‘ಮುಕ್ಕಾಲು ಗಂಟೆ’ ಎಂದು ಬರೆದಿತ್ತು. ಹನ್ನೊಂದಕ್ಕೆ ಒಳಗೆ ಹೋದವನು ಹೊರಬಂದಾಗ ನಾಲ್ಕು ದಾಟಿತ್ತು. ಕೋಟೆ ಬಿಟ್ಟುಹೋಯಿತು, ಮಧ್ಯಾಹ್ನದ ಊಟವೂ.

ಚೀಟಿಯ ಮೊದಲ ಸಾಲುಗಳೇನೂ ಕಡಿಮೆಯವಲ್ಲ. ನಿಲ್ದಾಣ 1905ರದ್ದು. ಎತ್ತರದ ಗುಮ್ಮಟ, ಬಣ್ಣಬಣ್ಣದ ಅಮೃತಶಿಲೆ. ರೈಲು ಹಿಡಿಯಲು ಬಂದವರೂ ಒಂದು ಗಳಿಗೆ ತಲೆಯೆತ್ತಿ ನಿಂತುಬಿಡುತ್ತಾರೆ. ಅದರ ಹೊಟ್ಟೆಯೊಳಗೆ ಈಗ ರೈಲುಗಳು ಮೂರು ಅಂತಸ್ತಿನಲ್ಲಿ ಬಂದು ನಿಲ್ಲುತ್ತವೆ. ಹೊರಗೆ ಕಾಲಿಟ್ಟರೆ ಪಕ್ಕದಲ್ಲೇ ವಜ್ರದ ಪೇಟೆ. ಗುಜರಾತಿನ ಪಾಲನ್‌ಪುರದಿಂದ ಬಂದ ಜೈನ ಮನೆತನಗಳು ಈ ವ್ಯಾಪಾರದಲ್ಲಿ ಬೇರೂರಿವೆ. ಬೀದಿಯಲ್ಲಿ ಗುಜರಾತಿ ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಿಲ್ಲ. ಕೆಥೆಡ್ರಲ್‌ನ ಗೋಪುರ 123 ಮೀಟರ್. ಒಳಗೆ ಈ ಊರಿನ ಚಿತ್ರಗಾರ ರೂಬೆನ್ಸ್ ಬರೆದ ದೊಡ್ಡ ದೊಡ್ಡ ಚಿತ್ರಗಳು. ಯೇಸುವನ್ನು ಶಿಲುಬೆಯಿಂದ ಇಳಿಸುವ ಚಿತ್ರದ ಮುಂದೆ ಹತ್ತು ನಿಮಿಷ ಕೂತೆ, ಅಷ್ಟಕ್ಕೆ ಮನಸ್ಸಿಲ್ಲದೆ ಎದ್ದೆ.

ದೊಡ್ಡ ಚೌಕದ ನಡುವೆ 1887ರ ಕಾರಂಜಿಯೊಂದಿದೆ. ಕಂಚಿನ ಯುವಕನೊಬ್ಬ ಕಡಿದ ಕೈಯೊಂದನ್ನು ಬೀಸಿ ಒಗೆಯುತ್ತಿದ್ದಾನೆ. ಊರಿನ ಕತೆ ಇದು: ಆಂಟಿಗೂನ್ ಎಂಬ ರಾಕ್ಷಸ ಸ್ಕೆಲ್ಡ್ ಹೊಳೆಯಲ್ಲಿ ಹೋಗುವ ದೋಣಿಗಳಿಂದ ಸುಂಕ ಕೀಳುತ್ತಿದ್ದ, ಕೊಡದವರ ಕೈ ಕತ್ತರಿಸುತ್ತಿದ್ದ. ಬ್ರಾಬೋ ಎಂಬ ರೋಮನ್ ಸೈನಿಕ ರಾಕ್ಷಸನ ಕೈಯನ್ನೇ ಕಡಿದು ಹೊಳೆಗೆ ಎಸೆದ. ಕೈ ಎಸೆದ ಊರು, ಅದಕ್ಕೇ ಆಂಟ್‌ವರ್ಪ್ ಎಂಬುದು ಜನರ ವ್ಯುತ್ಪತ್ತಿ. ವಿದ್ವಾಂಸರು ಒಪ್ಪುವುದಿಲ್ಲ, ಬೇಕರಿಯವರು ಪೂರ್ತಿ ಒಪ್ಪಿಕೊಂಡಿದ್ದಾರೆ. ಅಂಗೈ ಆಕಾರದ ಬಿಸ್ಕತ್ತು ಇಲ್ಲಿಯ ಹೆಸರುವಾಸಿ ತಿನಿಸು. ಕತೆ ಕೇಳಿದ ಮೇಲೂ ನಾನು ಅದನ್ನು ಕಾಫಿಗೆ ಅದ್ದಿಕೊಂಡೇ ತಿಂದೆ.

ಅಲ್ಲಿಂದ ಐದಾರು ನಿಮಿಷ ನಡೆದರೆ ವ್ರೈಡಾಖ್‌ಮಾರ್ಕ್ಟ್. ಶುಕ್ರವಾರದ ಸಂತೆ ಎಂದು ಅರ್ಥ. ಕೊಡಗಿನ ಶನಿವಾರಸಂತೆಯ ಹಾಗೆ ಸಂತೆಯ ದಿನವೇ ಜಾಗದ ಹೆಸರಾಗಿ ಉಳಿದಿದೆ. ನಾನು ಹೋದದ್ದೂ ಶುಕ್ರವಾರವೇ. ಹಳೆ ಸಾಮಾನಿನ ಹರಾಜು ನಡೆದಿತ್ತು: ಯಾರದೋ ಮನೆ ಖಾಲಿ ಮಾಡಿ ತಂದ ದೀಪದ ಕಂಬ, ಪಿಂಗಾಣಿ ತಟ್ಟೆ, ಹೊಲಿಗೆ ಯಂತ್ರ. ಒಂದು ಕಾಲು ಗಿಡ್ಡವಾಗಿದ್ದ ಬೆತ್ತದ ಕುರ್ಚಿಯನ್ನು ಹರಾಜು ಕೂಗುವವನು ಎರಡು ಸಲ ಎತ್ತಿ ತೋರಿಸಿದ. ಯಾರೂ ಬಾಯಿ ಬಿಡಲಿಲ್ಲ. ಅದನ್ನು ಬದಿಗೆ ತಳ್ಳಿ ಮುಂದಿನದಕ್ಕೆ ಕೈಹಾಕಿದ. ನಾನು ಸಂತೆ ದಾಟಿ ಎದುರಿನ ದೊಡ್ಡ ಬಾಗಿಲಿನೊಳಗೆ ಹೋದೆ.

ಬಾಗಿಲ ಮೇಲೆ ಕೈವಾರ ಹಿಡಿದ ಕೈಯೊಂದರ ಲಾಂಛನ. ಕೈವಾರದ ಒಂದು ಕಾಲು ನೆಲೆ ನಿಂತಿದೆ, ಇನ್ನೊಂದು ಸುತ್ತುತ್ತದೆ. ಸ್ಥೈರ್ಯ ಒಂದು, ದುಡಿಮೆ ಇನ್ನೊಂದು. ಈ ಮುದ್ರಣಾಲಯವನ್ನು ಕಟ್ಟಿದ ಕ್ರಿಸ್ಟೋಫ್ ಪ್ಲಾಂಟಿನ್ ಸುಮಾರು 1520ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದವನು, ಕಸುಬಿನಿಂದ ಪುಸ್ತಕದ ಬೈಂಡರ್. 1540ರ ದಶಕದ ಕೊನೆಯ ಹೊತ್ತಿಗೆ ಆಂಟ್‌ವರ್ಪ್‌ಗೆ ಬಂದು ಚರ್ಮದ ಪೆಟ್ಟಿಗೆ, ರಟ್ಟು, ಅಂಚುಗಳಿಗೆ ಚಿನ್ನದ ಕೆಲಸ ಮಾಡುತ್ತಿದ್ದ. ಒಂದು ರಾತ್ರಿ ಪೆಟ್ಟಿಗೆಯೊಂದನ್ನು ತಲುಪಿಸಲು ಹೋಗುತ್ತಿದ್ದವನನ್ನು ಕುಡಿದ ಕೆಲವರು ಬೇರಾರೋ ಎಂದು ತಿಳಿದು ಕತ್ತಿಯಿಂದ ತಿವಿದರಂತೆ. ಭುಜ ಹೋಯಿತು, ಬೈಂಡಿಂಗಿನ ಸೂಕ್ಷ್ಮ ಕೆಲಸಕ್ಕೆ ಕೈ ಬಗ್ಗದಾಯಿತು. ಹಾಗಾಗಿ ಅಚ್ಚಿನ ಕೆಲಸಕ್ಕೆ ಇಳಿದ ಎಂಬುದು ಮನೆತನದಲ್ಲಿ ಹೇಳಿಕೊಂಡು ಬಂದ ಕತೆ. ಮೊದಲ ಪುಸ್ತಕ ಹೊರಬಂದದ್ದು 1555ರಲ್ಲಿ. ಇಪ್ಪತ್ತು ವರ್ಷದೊಳಗೆ 16 ಪ್ರೆಸ್ಸುಗಳು, ಐವತ್ತಕ್ಕೂ ಹೆಚ್ಚು ಕೆಲಸಗಾರರು. 1576ರಲ್ಲಿ ಪ್ರೆಸ್ಸು ಈ ಜಾಗಕ್ಕೆ ಬಂತು, ಮತ್ತೆ ಕದಲಲಿಲ್ಲ.

ಒಳಗೆ ಒಂದು ಅಂಗಳ, ಗೋಡೆಗೆ ಹಬ್ಬಿದ ದ್ರಾಕ್ಷಿಬಳ್ಳಿ, ಅದರ ಸುತ್ತ ಮನೆ ಮತ್ತು ಕಾರ್ಖಾನೆ ಒಂದಕ್ಕೊಂದು ಹೆಣೆದುಕೊಂಡಿವೆ. ಮುಂಭಾಗದ ಕೋಣೆಗಳಲ್ಲಿ ಚಿನ್ನದ ಹೂಬಳ್ಳಿ ಒತ್ತಿದ ಚರ್ಮವನ್ನು ಗೋಡೆಗೆ ಹೊದಿಸಿದ್ದಾರೆ, ರೂಬೆನ್ಸ್ ಬರೆದ ಮನೆಯವರ ಭಾವಚಿತ್ರಗಳಿವೆ. ಪ್ಲಾಂಟಿನ್‌ನ ಮೊಮ್ಮಗ ಬಾಲ್ತಸಾರ್ ಮೊರೆಟಸ್ ಮತ್ತು ರೂಬೆನ್ಸ್ ಹುಡುಗತನದ ಗೆಳೆಯರು. ಅಂಥ ಚಿತ್ರಗಾರ ಈ ಪ್ರೆಸ್ಸಿನ ಪುಸ್ತಕಗಳಿಗೆ ಮುಖಪುಟಗಳ ಕರಡು ಬರೆದುಕೊಟ್ಟಿದ್ದಾನೆ, ಅದೂ ರಜಾದಿನಗಳ ಬಿಡುವಿನಲ್ಲಿ. ಶ್ರೀಮಂತಿಕೆಯನ್ನು ನೋಡಲು ಬರುವವರಿಗೆ ಈ ಕೋಣೆಗಳು ಸಾಕು. ನನಗೆ ರುಚಿ ಹತ್ತಿದ್ದು ಅಂಗಡಿಗೆ ಬಂದ ಮೇಲೆ. ಬೀದಿಯ ಕಡೆಗಿನ ಆ ಚಿಕ್ಕ ಕೋಣೆಯಲ್ಲಿ ಕಟಕಟೆಯ ಮೇಲೆ ಪುಟ್ಟ ತಕ್ಕಡಿ. ಪುಸ್ತಕ ತೂಗುವುದಕ್ಕಲ್ಲ, ಗಿರಾಕಿ ಕೊಟ್ಟ ನಾಣ್ಯ ತೂಗುವುದಕ್ಕೆ: ಅಂಚು ಹೆರೆದು ಚಿನ್ನ ಕದ್ದಿದ್ದಾನೋ ಇಲ್ಲವೋ ನೋಡಬೇಕಲ್ಲ. ಪುಸ್ತಕಗಳು ಹೆಚ್ಚಾಗಿ ಬಿಡಿ ಹಾಳೆಗಳಾಗಿಯೇ ಮಾರಾಟವಾಗುತ್ತಿದ್ದವು. ರಟ್ಟು ಹಾಕಿಸಿಕೊಳ್ಳುವುದು ಕೊಂಡವನ ಪಾಡು.

ಪಕ್ಕದಲ್ಲಿ ಪ್ರೂಫ್ ನೋಡುವವರ ಕೋಣೆ. ಕಿಟಕಿಗೆ ಒತ್ತಿಕೊಂಡು ಓಕ್ ಮರದ ಭಾರೀ ಮೇಜು, ಎದುರುಬದುರು ಬೆಂಚು. ಈ ಪ್ರೆಸ್ಸಿಗಾಗಿ ಕೊರ್ನೆಲಿಸ್ ಕಿಲಿಯಾನ್ ಎಂಬಾತ ಸುಮಾರು ಐವತ್ತು ವರ್ಷ ದುಡಿದು ಕರಡಚ್ಚು ತಿದ್ದಿದ. ಪರರ ತಪ್ಪು ತಿದ್ದುತ್ತಲೇ ಡಚ್ ಭಾಷೆಯ ಪದಗಳನ್ನು ಒಂದೊಂದಾಗಿ ಕೂಡಿಹಾಕಿ, ಅವುಗಳ ಮೂಲ ಹುಡುಕಿ, ನಿಘಂಟು ಮಾಡಿದ. ಅದರ ಪೂರ್ಣ ರೂಪ 1599ರಲ್ಲಿ ಇದೇ ಪ್ರೆಸ್ಸಿನಲ್ಲಿ ಅಚ್ಚಾಯಿತು. ಪ್ಲಾಂಟಿನ್‌ನ ಹೆಣ್ಣುಮಕ್ಕಳೂ ಚಿಕ್ಕಂದಿನಿಂದಲೇ ಪ್ರೂಫಿನ ಕೆಲಸಕ್ಕೆ ಕೂತವರು. ನಾಲ್ಕನೆಯವಳು ಮಗ್ದಲೇನಾ ಹದಿಮೂರು ತುಂಬುವಷ್ಟರಲ್ಲಿ ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂಲಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು, ತಿದ್ದುವ ಪಂಡಿತ ಕರಡಚ್ಚಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದ. ಅಕ್ಷರ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಅರ್ಥ ಗೊತ್ತಿಲ್ಲದವರೇ ಒಳ್ಳೆಯ ಪ್ರೂಫ್ ಓದುಗರು, ಕಣ್ಣು ಮುಂದಕ್ಕೆ ಹಾರುವುದಿಲ್ಲ ಎಂದು ಪ್ರೆಸ್ಸಿನವರು ಹೇಳುವುದನ್ನು ನಾನೂ ಕೇಳಿದ್ದೇನೆ.

ಅವಳು ಓದುತ್ತಿದ್ದದ್ದು ಸಾಮಾನ್ಯ ಪುಸ್ತಕವನ್ನಲ್ಲ. 1568ರಿಂದ 1573ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಬಹುಭಾಷಾ ಬೈಬಲ್: ಹೀಬ್ರೂ, ಅರಮಾಯಿಕ್, ಸಿರಿಯಾಕ್, ಗ್ರೀಕ್, ಲ್ಯಾಟಿನ್ ಅಕ್ಕಪಕ್ಕ. ಒಂದೇ ತೆರೆದ ಪುಟದಲ್ಲಿ ಒಂದು ಲಿಪಿ ಎಡದಿಂದ, ಇನ್ನೊಂದು ಬಲದಿಂದ. ಸ್ಪೇನಿನ ದೊರೆ ಎರಡನೇ ಫಿಲಿಪ್‌ನ ಬೆಂಬಲ ಅದಕ್ಕಿತ್ತು. ಬೆಂಬಲದ ಹಿಂದೆ ಭಯವೂ ಇತ್ತು. ಪ್ಲಾಂಟಿನ್‌ಗೆ ಚರ್ಚು ಒಪ್ಪದ ಗುಪ್ತ ಪಂಥವೊಂದರ ನಂಟಿತ್ತು. 1562ರಲ್ಲಿ ಅವನ ಪ್ರೆಸ್ಸಿನಲ್ಲಿ ನಿಷಿದ್ಧ ಕಿರುಹೊತ್ತಗೆಯೊಂದು ಅಚ್ಚಾಯಿತೆಂದು ಆಪಾದನೆ ಬಂದು, ಅವನು ಪ್ಯಾರಿಸಿನಲ್ಲಿದ್ದಾಗಲೇ ಸರಕೆಲ್ಲ ಹರಾಜಾಗಿತ್ತು. ಅದೇ ಮನುಷ್ಯ ಮುಂದೆ ರಾಜನ ಮುಖ್ಯ ಮುದ್ರಕನಾಗಿ, ಚರ್ಚಿನ ನಿಷೇಧಿತ ಪುಸ್ತಕಗಳ ಪಟ್ಟಿಯನ್ನೂ ತಾನೇ ಅಚ್ಚುಹಾಕಿದ! ವ್ಯಾಪಾರಿಯ ಜಾಣತನ ಎನ್ನಿ, ಜೀವ ಉಳಿಸಿಕೊಳ್ಳುವ ದಾರಿ ಎನ್ನಿ.

ಈ ಸಂಸ್ಥೆಯ ಪುಸ್ತಕಗಳಲ್ಲಿ ನಮ್ಮ ಕಡೆಯ ವಾಸನೆಯದೂ ಒಂದಿದೆ. ಗೋವಾದಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ಡ ಒರ್ಟಾ ನಮ್ಮ ಕರಾವಳಿಯ ಮೆಣಸು, ಮಾವು, ವೀಳ್ಯದೆಲೆ, ಔಷಧದ ಬೇರುನಾರುಗಳ ಬಗ್ಗೆ ಸಂವಾದ ರೂಪದಲ್ಲಿ ಪುಸ್ತಕ ಬರೆದು 1563ರಲ್ಲಿ ಗೋವಾದಲ್ಲೇ ಅಚ್ಚುಹಾಕಿಸಿದ್ದ. ಸಸ್ಯಶಾಸ್ತ್ರಿ ಕ್ಲೂಸಿಯಸ್ ಅದನ್ನು ಲ್ಯಾಟಿನ್ನಿಗೆ ಸಂಗ್ರಹಿಸಿಕೊಟ್ಟ; ಪ್ಲಾಂಟಿನ್ 1567ರಲ್ಲಿ ಮರದಚ್ಚಿನ ಚಿತ್ರಗಳೊಡನೆ ಪ್ರಕಟಿಸಿದ. ಗೋವಾದ ಮೂಲ ಪುಸ್ತಕವನ್ನು ಓದಿದವರು ಕೆಲವೇ ಮಂದಿ, ಯುರೋಪು ಓದಿದ್ದು ಆಂಟ್‌ವರ್ಪ್‌ನದನ್ನು. ಅತ್ತ ಒರ್ಟಾ ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1580ರಲ್ಲಿ, ಗೋವಾದ ಧಾರ್ಮಿಕ ನ್ಯಾಯಾಲಯ ಅವನ ಮೂಳೆಗಳನ್ನು ಅಗೆದು ತೆಗೆಸಿ ಸುಟ್ಟಿತು. ಪುಸ್ತಕ ಆಗಲೇ ಕೈತಪ್ಪಿ ಹೋಗಿತ್ತು.

ಪ್ರೆಸ್ಸಿನ ಹಜಾರಕ್ಕೆ ಬಂದಾಗ ಮೊದಲು ಮೂಗಿಗೆ ಗೊತ್ತಾಯಿತು: ಎಣ್ಣೆಮಸಿ, ಹಳೆ ಮರ. ಕೊನೆಯಲ್ಲಿ ನಿಂತಿರುವ ಎರಡು ಪ್ರೆಸ್ಸುಗಳು ಸುಮಾರು 1600ರವು, ಜಗತ್ತಿನಲ್ಲಿ ಉಳಿದಿರುವವುಗಳಲ್ಲೇ ಅತಿ ಹಳೆಯವು. ನೋಡಿದರೆ ಎಣ್ಣೆಗಾಣಕ್ಕೂ ಬಾಗಿಲಿನ ಚೌಕಟ್ಟಿಗೂ ನಡುವಿನ ಏನೋ ಒಂದು. ಒಂದು ಪ್ರೆಸ್ಸಿಗೆ ಇಬ್ಬರು. ಒಬ್ಬ ಚರ್ಮದ ಎರಡು ಉಂಡೆಗಳಿಗೆ ಮಸಿ ಮೆತ್ತಿ, ಒಂದಕ್ಕೊಂದು ಉಜ್ಜಿ, ಮೊಳೆಗಳ ಮೇಲೆ ತಟ್ಟುತ್ತಾನೆ. ಇನ್ನೊಬ್ಬ ತೇವ ಮಾಡಿದ ಹಾಳೆ ಇಟ್ಟು, ಒಳಗೆ ತಳ್ಳಿ, ಸನ್ನೆಕೋಲನ್ನು ಎದೆಯ ಕಡೆ ಎಳೆಯುತ್ತಾನೆ. ದಿನಕ್ಕೆ 1,250 ಹಾಳೆ, ಎರಡೂ ಮಗ್ಗುಲು. ಅಂದರೆ ಕಡಿಮೆಯೆಂದರೂ ಎರಡೂವರೆ ಸಾವಿರ ಸಲ ಆ ಎಳೆತ. ಸನ್ನೆಕೋಲಿನ ಹಿಡಿ ಕೈ ತಾಗಿ ತಾಗಿ ನಯವಾಗಿದೆ. ಯಾರು ಎಷ್ಟು ದುಡಿದರು, ಯಾರಿಗೆ ಏನು ಕೊಟ್ಟರು, ಯಾರು ತಪ್ಪಿಗೆ ದಂಡ ತೆತ್ತರು ಎಂಬುದೆಲ್ಲ ಲೆಕ್ಕದ ಪುಸ್ತಕಗಳಲ್ಲಿದೆ. ಈ ಕಡತಗಳನ್ನು ಯುನೆಸ್ಕೊ 2001ರಲ್ಲಿ ಜಗತ್ತಿನ ಸ್ಮೃತಿಯ ಪಟ್ಟಿಗೆ ಸೇರಿಸಿತು. 2005ರಲ್ಲಿ ಇಡೀ ಮನೆಯೇ ವಿಶ್ವ ಪರಂಪರೆಯ ತಾಣವಾಯಿತು. ನನ್ನ ಮಟ್ಟಿಗೆ ಲೆಕ್ಕದ ಪುಸ್ತಕಗಳ ಮನ್ನಣೆಯೇ ದೊಡ್ಡದು. ಬೈಬಲ್‌ನ ಪ್ರತಿ ಬೇರೆ ಕಡೆಯೂ ಸಿಕ್ಕೀತು, ಮಸಿ ಬಳಿಯುವವನ ಸಂಬಳದ ಸಾಲು ಎಲ್ಲಿ ಸಿಕ್ಕಬೇಕು?

ಎದುರು ಗೋಡೆಗೆ ಮೊಳೆಗಳ ಕೇಸುಗಳು, ಮೇಲಂತಸ್ತಿನಲ್ಲಿ ಮೊಳೆ ಎರಕದ ಕೋಣೆ. ಉಕ್ಕಿನ ಸಣ್ಣ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೊರೆದು, ಅದನ್ನು ತಾಮ್ರಕ್ಕೆ ಬಡಿದರೆ ಅಚ್ಚು. ಆ ಅಚ್ಚನ್ನು ಕೈಯಲ್ಲಿ ಹಿಡಿಯುವ, ಮರದ ಕವಚ ತೊಡಿಸಿದ ಲೋಹದ ಎರಕದ ಚೌಕಟ್ಟಿಗೆ ಸಿಕ್ಕಿಸಿ, ಸೀಸ ತವರ ಆಂಟಿಮನಿ ಬೆರೆಸಿ ಕಾಯಿಸಿದ್ದನ್ನು ಸೌಟಿನಿಂದ ಹೊಯ್ದು, ಒಮ್ಮೆ ಜಾಡಿಸಿದರೆ ಒಂದು ಮೊಳೆ. ಉಕ್ಕಿನ ಕಡ್ಡಿಗಳೇ ಇಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚಿವೆ. ಗ್ಯಾರಮಾಂಡ್, ಗ್ರಾಂಜೋನ್‌ರಂಥ ಅಕ್ಷರಶಿಲ್ಪಿಗಳ ಕೈಕೆಲಸ. ಗ್ರಾಂಜೋನನ ಒಂದು ಅಕ್ಷರವನ್ನು ಆಧರಿಸಿ ಮೊನೊಟೈಪ್ ಕಂಪನಿ 1913ರಲ್ಲಿ ‘ಪ್ಲಾಂಟಿನ್’ ಅಕ್ಷರವನ್ನು ತಂದಿತು. ಅದರ ಜಾಡು ಹಿಡಿದು 1932ರಲ್ಲಿ ಟೈಮ್ಸ್ ನ್ಯೂ ರೋಮನ್ ಬಂತು. ನಮ್ಮ ಕಚೇರಿಗಳಲ್ಲಿ ರಜೆ ಅರ್ಜಿ ಟೈಪಿಸುವವರೆಲ್ಲ ಈ ಮನೆಯ ಬೀರುವಿಗೆ ಸ್ವಲ್ಪ ಋಣಿಗಳೇ.

ಕೇಸಿನ ಮುಂದೆ ನಾನು ಬಹಳ ಹೊತ್ತು ನಿಂತೆ. ಚಿಕ್ಕವನಿದ್ದಾಗ ನಮ್ಮೂರಿನ ಪ್ರೆಸ್ಸಿನಲ್ಲಿ ಮದುವೆ ಕಾಗದ ಅಚ್ಚಾಗುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಕನ್ನಡಕ್ಕೆ ಒತ್ತು, ಕೊಂಬು, ದೀರ್ಘ ಎಲ್ಲ ಸೇರಿ ಕೇಸಿನ ಮನೆಗಳು ಇಲ್ಲಿಯದಕ್ಕಿಂತ ಎಷ್ಟೋ ಹೆಚ್ಚು. ಮೊಳೆ ಜೋಡಿಸುವವರ ಕೈ ನೋಡದೆಯೇ ಒತ್ತಕ್ಷರದ ಮನೆಗೆ ಹೋಗುತ್ತಿತ್ತು. ಆಫ್‌ಸೆಟ್ ಬಂದಾಗ ಆ ಮೊಳೆಗಳೆಲ್ಲ ಚೀಲದಲ್ಲಿ ತುಂಬಿ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ಯಾರನ್ನೂ ದೂರುವಂತಿಲ್ಲ. ಹೊಸ ಯಂತ್ರಕ್ಕೆ ಜಾಗ ಬೇಕಿತ್ತು, ಸೀಸಕ್ಕೆ ಬೆಲೆ ಇತ್ತು.

ಹಾಗಿದ್ದರೆ ಇಲ್ಲಿ ಹೇಗೆ ಉಳಿಯಿತು? ಪರಂಪರೆಯ ಪ್ರೀತಿ ಎಂದು ಸುಲಭವಾಗಿ ಹೇಳಿಬಿಡಬಹುದು. ಲೆಕ್ಕ ಬೇರೆಯೇ ಇದೆ. 1589ರಲ್ಲಿ ಪ್ಲಾಂಟಿನ್ ತೀರಿಕೊಂಡಾಗ ಪ್ರೆಸ್ಸು ಅಳಿಯ ಯಾನ್ ಮೊರೆಟಸ್‌ಗೆ ಬಂತು. ಸ್ಪೇನಿಗೂ ಅದರ ವಸಾಹತುಗಳಿಗೂ ಪೂಜಾವಿಧಿಯ ಪುಸ್ತಕ ಒದಗಿಸುವ ಹಕ್ಕು ಮನೆತನದ ಕೈಯಲ್ಲಿತ್ತು. ಅದೇ ಪುಸ್ತಕ, ಅದೇ ಕೆಂಪು ಕಪ್ಪು ಮಸಿ, ಖಚಿತ ಗಿರಾಕಿ. ಹೊಸದೇನೂ ಮಾಡಬೇಕಿರಲಿಲ್ಲ, ಹಾಗಾಗಿ ಹಳೆಯದನ್ನು ತೆಗೆಯಬೇಕಾಗಿಯೂ ಬರಲಿಲ್ಲ. 1764ರಲ್ಲಿ ಸ್ಪೇನಿನ ದೊರೆ ಪರದೇಶದ ಮುದ್ರಕರ ಹಕ್ಕನ್ನು ರದ್ದು ಮಾಡಿದ. ಅಷ್ಟು ಹೊತ್ತಿಗೆ ಮೊರೆಟಸ್‌ಗಳು ಪ್ರೆಸ್ಸಿನ ದುಡ್ಡನ್ನೇ ನೆಚ್ಚಿಕೊಳ್ಳಬೇಕಿಲ್ಲದಷ್ಟು ಸಿರಿವಂತರು. ಮಾರಿ ಸಾಲ ತೀರಿಸುವ ಕಷ್ಟವಿಲ್ಲ, ಹೊಸ ಉಗಿಯಂತ್ರ ತರುವ ಆಸೆಯೂ ಇಲ್ಲ. ಪ್ರೆಸ್ಸು ನೂರು ವರ್ಷ ತೂಕಡಿಸುತ್ತ ಕೂತಿತು. 1876ರಲ್ಲಿ ಎಡ್ವರ್ಡ್ ಮೊರೆಟಸ್ ಮನೆಯನ್ನು ಇದ್ದಂತೆಯೇ ಸರ್ಕಾರಕ್ಕೂ ನಗರಕ್ಕೂ ಮಾರಿದ, ಮರುವರ್ಷ ವಸ್ತುಸಂಗ್ರಹಾಲಯದ ಬಾಗಿಲು ತೆರೆಯಿತು. ಜಡತೆಯೂ ಒಮ್ಮೊಮ್ಮೆ ಇಂಥ ಪುಣ್ಯ ಕಟ್ಟಿಕೊಳ್ಳುತ್ತದೆ. 1945ರ ಜನವರಿಯಲ್ಲಿ ಜರ್ಮನರ ವಿ-ಬಾಂಬ್ ಎದುರಿನ ಚೌಕಕ್ಕೆ ಬಿದ್ದು ಮನೆಗೆ ಪೆಟ್ಟಾಯಿತು, ದುರಸ್ತಿ ಮುಗಿದು ಮತ್ತೆ ತೆರೆದದ್ದು 1951ರಲ್ಲಿ.

ಹೋಗುವವರಿಗೆ ಒಂದು ಮಾತು: ಸೋಮವಾರ ಬಾಗಿಲು ಹಾಕಿರುತ್ತದೆ. ಹೊಳೆಯಡಿಯ ಸುರಂಗಕ್ಕೂ ಸ್ವಲ್ಪ ಹೊತ್ತು ಉಳಿಸಿಕೊಳ್ಳಿ. 1930ರ ದಶಕದ ಮರದ ಎಸ್ಕಲೇಟರುಗಳು ಇನ್ನೂ ಕಿರುಗುಟ್ಟುತ್ತ ಓಡುತ್ತಿವೆ, ಅರ್ಧ ಕಿಲೋಮೀಟರಿಗೆ ಸ್ವಲ್ಪ ಮೇಲೆ ನಡೆದರೆ ಆಚೆ ದಡ. ನಾನು ಅದನ್ನು ಓಡಿಹೋಗಿ ನೋಡಿದೆ, ಓಡಿಹೋಗಿ ನೋಡುವಂಥದ್ದಲ್ಲ.

ಸುರಂಗದ ಕಡೆ ಹೊರಡುವ ಮೊದಲು ಸಂತೆಯ ಚೌಕ ದಾಟಬೇಕಿತ್ತು. ಹರಾಜು ಮುಗಿದು, ಗಾಡಿಗಳು ಹೋಗಿ, ಕಲ್ಲುಹಾಸು ಖಾಲಿಯಾಗಿತ್ತು. ಬೆಳಗ್ಗಿನ ಬೆತ್ತದ ಕುರ್ಚಿ ಮಾತ್ರ ಗೋಡೆಯ ಬದಿಗಿತ್ತು. ವಯಸ್ಸಾದ ಹೆಂಗಸೊಬ್ಬರು ಅದರ ಗಿಡ್ಡ ಕಾಲಿನಡಿ ನಾಲ್ಕು ಮಡಿಕೆ ಮಾಡಿದ ಕಾಗದ ತುರುಕಿ, ಅಲ್ಲಾಡುತ್ತದೆಯೋ ಎಂದು ಒಮ್ಮೆ ಒತ್ತಿ ನೋಡಿ, ಕೂತು, ಪೊಟ್ಟಣದಲ್ಲಿದ್ದ ಬಿಸಿ ಆಲೂ ಫ್ರೈಸ್ ತಿನ್ನತೊಡಗಿದರು.