ಕೋರ್ಟು, ಕಚೇರಿ, ಓಲಗ

ಜಮೀನಿನ ವ್ಯಾಜ್ಯ ಊರಲ್ಲಿ ಬಗೆಹರಿಯದೆ ತಾಲ್ಲೂಕಿನ ದಾರಿ ಹಿಡಿಯಿತೆಂದರೆ ಮನೆಯ ಹಿರಿಯರು ಹೇಳುವುದು ಒಂದೇ ಮಾತು: ‘ಕೋರ್ಟು ಕಚೇರಿ ಅಂತ ಅಲೆಯೋದು ಬೇಡಪ್ಪ.’ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯೂ ಅದರ ಬೆನ್ನಿಗೇ ಬರುತ್ತದೆ. ಮನೆಮಠ, ಹೊಲಗದ್ದೆಗಳಂತೆ ನಾಲಿಗೆಗೆ ಒಗ್ಗಿಹೋದ ಜೋಡುನುಡಿ ಇದು. ಆದರೆ ಜೋಡಿಯ ಎರಡು ಪದಗಳೂ ಹೊರಗಿನಿಂದ ಬಂದವು. ಕೋರ್ಟು ಇಂಗ್ಲಿಷಿನದು, ಕಚೇರಿ ಹಿಂದೂಸ್ತಾನಿ–ಮರಾಠಿಗಳ ಕಡೆಯದು.

ಕೋರ್ಟಿನ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ‘ಕೊಹೋರ್ಸ್’ ಎಂದರೆ ಸುತ್ತುಗೋಡೆಯೋ ಬೇಲಿಯೋ ಇರುವ ಅಂಗಳ. ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬರುವಷ್ಟರಲ್ಲಿ ಅದು ಅರಮನೆಯ ಅಂಗಳವಾಯಿತು. ಆಮೇಲೆ ಅಲ್ಲಿ ಸೇರುವ ರಾಜಪರಿವಾರಕ್ಕೂ ಅದೇ ಹೆಸರಾಯಿತು. ಕೊನೆಗೆ ರಾಜನ ಮುಂದೆ ನಡೆಯುವ ವಿಚಾರಣೆಗೆ ಆ ಹೆಸರು ನಿಂತಿತು. ಟೆನಿಸ್ ಕೋರ್ಟಿನಲ್ಲಿ ಮಾತ್ರ ಹಳೆಯ ಅಂಗಳ ಹಾಗೇ ಉಳಿದಿದೆ. ವಕೀಲರ ‘ಬಾರ್’ ಕೂಡ ಹೀಗೇ ಹುಟ್ಟಿದ್ದು. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಅಡ್ಡಲಾಗಿದ್ದ ಮರದ ಕಟಕಟೆಯ ಹೆಸರು ವಕೀಲರ ಇಡೀ ಸಮುದಾಯದ ಹೆಸರಾಯಿತು.

ಅಂಗಳವೊಂದು ನ್ಯಾಯಸ್ಥಾನವಾಗುವುದು ಕನ್ನಡಿಗರಿಗೆ ಹೊಸದೇನಲ್ಲ. ಅರಳಿಮರದ ಬುಡಕ್ಕೆ ಕಲ್ಲು ಜೋಡಿಸಿ ಕಟ್ಟಿದ್ದು ಕಟ್ಟೆ. ಊರಿನವರು ಅದರ ಮೇಲೆ ಕೂತು ಜಗಳ ಬಗೆಹರಿಸಿದ್ದರಿಂದ ‘ಕಟ್ಟೆ ಪಂಚಾಯಿತಿ’ ಬಂತು. ಹಳೆಯ ಮೈಸೂರಿನಲ್ಲಿ ಪಟೇಲ, ಶಾನುಭೋಗರು ಊರಿನ ವ್ಯವಹಾರ ನೋಡುತ್ತಿದ್ದ ಜಾಗ ಚಾವಡಿ. ಕರಾವಳಿಯ ದೊಡ್ಡ ಮನೆಗಳಲ್ಲಿ ಜನ ಬಂದು ಕೂರುವ ಮುಂಭಾಗಕ್ಕೂ ಅದೇ ಹೆಸರು. ‘ನ್ಯಾಯ’ ಎಂಬ ಪದ ಮಾತ್ರ ಹಳ್ಳಿಯ ಬಾಯಲ್ಲಿ ವಿಚಿತ್ರವಾದ ತಿರುವು ಪಡೆದಿದೆ. ‘ಅಣ್ತಮ್ಮಂದಿರ ನ್ಯಾಯ’ ಎಂದರೆ ಅಣ್ಣತಮ್ಮಂದಿರ ಜಗಳ; ‘ನ್ಯಾಯ ಸೇರಿಸು’ ಎಂದರೆ ಪಂಚಾಯಿತಿ ಕರೆ. ಜಗಳ, ಅದರ ವಿಚಾರಣೆ, ಅದರ ಪರಿಹಾರ ಮೂರನ್ನೂ ಒಂದೇ ಪದ ಹೊತ್ತುಕೊಂಡಿದೆ.

ಈ ಪದಗಳನ್ನು ಒಂದೆಡೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇವುಗಳಲ್ಲಿ ಎಷ್ಟೋ ಪದಗಳ ಒಳಗಿರುವುದು ‘ಕೂರುವುದು’ ಎಂಬ ಒಂದೇ ಕ್ರಿಯೆ. ಸಂಸ್ಕೃತದ ‘ಸದ್’ ಧಾತುವಿಗೆ ಕೂರು ಎಂಬ ಅರ್ಥವಿದೆ. ಸುತ್ತಲೂ ಕೂತರೆ ಪರಿಷತ್ತು, ಒಟ್ಟಾಗಿ ಕೂತರೆ ಸಂಸತ್ತು, ಕೂತ ಜಾಗ ಸದನ, ಅಲ್ಲಿರುವವನು ಸದಸ್ಯ. ಗುರುವಿನ ಹತ್ತಿರ ಕೂತು ಕಲಿತದ್ದು ಉಪನಿಷತ್ತು ಎಂದು ಸಾಂಪ್ರದಾಯಿಕ ವಿವರಣೆ. ಇಂಗ್ಲಿಷಿನ ‘ಸೆಷನ್’ ಬಂದಿರುವುದು ಲ್ಯಾಟಿನ್ನಿನ ‘ಸೆದೇರೆ’ಯಿಂದ, ಅದಕ್ಕೂ ಕೂರುವುದೆಂದೇ ಅರ್ಥ, ಅದು ‘ಸದ್’ ಧಾತುವಿನ ದೂರದ ದಾಯಾದಿ. ಹಾಗಾಗಿ ಜಿಲ್ಲೆಯ ಸೆಷನ್ಸ್ ಕೋರ್ಟಿಗೂ ದೆಹಲಿಯ ಸಂಸತ್ತಿಗೂ ಮೂಲ ಒಂದೇ.

ಅರಬ್ಬಿಯಲ್ಲೂ ಇದೇ ಕಥೆ. ಅಲ್ಲಿ ಕೂರುವುದಕ್ಕೆ ‘ಜಲಸ’ ಎನ್ನುತ್ತಾರೆ. ಕೂರುವ ಜಾಗ ಮಜಲಿಸ್ ಆಯಿತು, ಕೂಟ ಜಲ್ಸಾ ಆಯಿತು. ಉರ್ದುವಿನಲ್ಲಿ ಜಲ್ಸಾ ಇಂದಿಗೂ ಗಂಭೀರವಾದ ಸಮಾವೇಶ. ಕನ್ನಡದಲ್ಲಿ ‘ಜಲ್ಸಾ ಮಾಡು’ ಎಂದರೆ ಮೋಜು ಮಾಡು. ದಿವಾನ್ ಎಂಬ ಪರ್ಷಿಯನ್ ಪದದ ಪಯಣ ಇನ್ನೂ ದೊಡ್ಡದು. ಮೊದಲು ಅದು ಲೆಕ್ಕದ ದಫ್ತರ; ಆಮೇಲೆ ಆ ದಫ್ತರವಿದ್ದ ಆಡಳಿತದ ಜಾಗ. ಮೈಸೂರಿನಲ್ಲಿ ಅದು ಪೂರ್ಣಯ್ಯ, ರಂಗಾಚಾರ್ಲು, ವಿಶ್ವೇಶ್ವರಯ್ಯನವರಂಥವರ ಹುದ್ದೆಯ ಹೆಸರು. ಇಂದು ಮನೆಯ ನಡುಕೋಣೆಯಲ್ಲಿ ಅತಿಥಿಗಳು ಕೂರುವ ಮಂಚವೂ ದಿವಾನೇ.

2008ರಲ್ಲಿ ಧಾರವಾಡ, ಕಲಬುರಗಿಗಳಿಗೆ ಹೈಕೋರ್ಟಿನ ‘ಸಂಚಾರಿ ಪೀಠ’ಗಳು ಬಂದವು. ದೀರ್ಘ ಹೋರಾಟದ ಫಲ ಅದು. ಆ ಭಾಗದ ಕಕ್ಷಿದಾರರಿಗೆ ಬೆಂಗಳೂರಿನವರೆಗಿನ ರಾತ್ರಿ ಪ್ರಯಾಣ ತಪ್ಪಿತು. 2013ರಲ್ಲಿ ಅವು ‘ಕಾಯಂ ಪೀಠ’ಗಳಾದವು. ಪೀಠವೆಂದರೆ ಕೂರುವ ಮಣೆ. ಕಾಯಂ ಎಂಬ ಅರಬ್ಬಿ ಪದದ ಮೂಲಾರ್ಥ ‘ನಿಂತಿರುವುದು’.

ಉತ್ತರ ಕರ್ನಾಟಕದಲ್ಲಿ ನ್ಯಾಯದ ಶಬ್ದಗಳು ಊರಿನ ಕಲ್ಲುಗಳಲ್ಲೇ ಇವೆ. ಲೋಕ ಅದಾಲತ್ತಿನ ‘ಅದಾಲತ್’ ಹುಟ್ಟಿದ್ದು ಅರಬ್ಬಿಯ ‘ಅದ್ಲ್’ ಎಂಬ ಬೇರಿನಿಂದ. ನ್ಯಾಯ, ಸಮತೂಕ ಎಂದು ಅದರ ಅರ್ಥ. ವಿಜಯಪುರವನ್ನು ಆಳಿದ ಆದಿಲ್‌ಶಾಹಿಗಳ ಹೆಸರಿನ ‘ಆದಿಲ್’ ಅದೇ ಬೇರಿನ ಚಿಗುರು, ಎಂದರೆ ನ್ಯಾಯವಂತ. 17ನೇ ಶತಮಾನದ ನಡುವಿನಲ್ಲಿ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಅಸಾರ್ ಮಹಲ್ ಮೊದಲು ನ್ಯಾಯಮಂದಿರವಾಗಿತ್ತು, ದಾದ್ ಮಹಲ್ ಎನಿಸಿಕೊಂಡಿತ್ತು. ಪರ್ಷಿಯನ್ನಿನಲ್ಲಿ ದಾದ್ ಎಂದರೆ ನ್ಯಾಯ, ಫರಿಯಾದ್ ಎಂದರೆ ನೊಂದವರ ಮೊರೆ. ಕನ್ನಡದ ಫಿರ್ಯಾದಿ ಹೆಸರಿನಿಂದಲೇ ಮೊರೆಯಿಟ್ಟವನು.

ಇಂಥ ಪದಗಳ ಅರ್ಥ ತಿಳಿದಾಗ ಕೋರ್ಟಿನ ಕಡತ ಬೇರೆಯೇ ಆಗಿ ಕಾಣುತ್ತದೆ. ಮುನ್ಸೀಫ ಎಂಬುದರಲ್ಲಿ ಅರಬ್ಬಿಯ ‘ನಿಸ್ಫ್’ ಇದೆ, ಎಂದರೆ ಅರ್ಧ. ಇಬ್ಬರಿಗೂ ಸರಿಪಾಲು ಮಾಡಿ ಕೊಡುವವನೇ ಮುನ್ಸೀಫ. ತಕರಾರಿನ ಮೂಲಾರ್ಥ ‘ಮತ್ತೆ ಮತ್ತೆ ಹೇಳುವುದು’. ಪೊಲೀಸರ ಮಹಜರು, ‘ಹಾಜರಿದ್ದಾರೆಯೇ’ ಎಂದು ಕೂಗುವ ಹಾಜರು ಒಂದೇ ಬೇರಿನ ಪದಗಳು, ಎರಡರಲ್ಲೂ ಎದುರಿಗಿರುವುದೇ ಮುಖ್ಯ. ಪಂಚನಾಮೆಯಲ್ಲಂತೂ ಸಂಸ್ಕೃತದ ಪಂಚಕ್ಕೆ ಪರ್ಷಿಯನ್ನಿನ ನಾಮೆ ಸೇರಿಕೊಂಡಿದೆ. ‘ವಕೀಲ’ನ ಬದಲು ‘ನ್ಯಾಯವಾದಿ’ ಎಂದು ಫಲಕ ಬರೆಸುವವರಿದ್ದಾರೆ, ಅದು ಅವರಿಷ್ಟ. ಆದರೆ ಶತಮಾನಗಳಿಂದ ರೈತರ ಬಾಯಲ್ಲಿ ಸವೆದು ನುಣುಪಾದ ಜಾಮೀನು, ದಾವೆ, ರಾಜಿಗಳನ್ನು ಪರಕೀಯವೆಂದು ಕೈಬಿಟ್ಟರೆ ನಷ್ಟ ಕನ್ನಡಕ್ಕೇ.

ಸಂಖ್ಯೆಯಿಂದ ಸಭೆಗೆ ಹೆಸರಿಡುವ ರೂಢಿಯೂ ಹಳೆಯದು. ಐವರಿಂದ ಪಂಚಾಯಿತಿ. ಶಾಸನಗಳಲ್ಲಿ ಮೆರೆಯುವ ಅಯ್ಯಾವೊಳೆ ಐನೂರ್ವರು ಐಹೊಳೆಯ ಹೆಸರು ಹೊತ್ತ ವರ್ತಕ ಸಂಘ. ಮೈಸೂರು ಸಂಸ್ಥಾನ ಮಾತ್ರ ತನ್ನ ಸಭೆಗಳಿಗೆ ಕೆಲಸದ ಹೆಸರನ್ನೇ ಇಟ್ಟಿತು: 1881ರಲ್ಲಿ ಪ್ರಜಾಪ್ರತಿನಿಧಿ ಸಭೆ, 1907ರಲ್ಲಿ ನ್ಯಾಯವಿಧಾಯಕ ಸಭೆ. ಸ್ವಾತಂತ್ರ್ಯಾನಂತರ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದಿತು. ಹತ್ತೇ ವರ್ಷದಲ್ಲಿ, 1993ರ ಕಾಯ್ದೆಯೊಂದಿಗೆ, ಆ ಎರಡು ಹೆಸರುಗಳೂ ಹೋಗಿ ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿಗಳು ಬಂದವು.

ಬೆಂಗಳೂರಿನ ಅಠಾರಾ ಕಚೇರಿಯೂ ಸಂಖ್ಯೆಯ ಹೆಸರೇ. ಅಠಾರಾ ಎಂದರೆ ಹದಿನೆಂಟು. ಟಿಪ್ಪುವಿನ ಅರಮನೆಯಲ್ಲಿದ್ದ ಸರ್ಕಾರದ ಹದಿನೆಂಟು ಇಲಾಖೆಗಳು 1868ರಲ್ಲಿ ಮುಗಿದ ಈ ಕೆಂಪು ಕಟ್ಟಡಕ್ಕೆ ಬಂದವು. ಈಗ ಅಲ್ಲಿರುವುದು ಹೈಕೋರ್ಟು. ಇಲಾಖೆಗಳು ಹೊರಟುಹೋದರೂ ಹದಿನೆಂಟು ಉಳಿಯಿತು, ಕಚೇರಿಯೂ ಉಳಿಯಿತು. ಮನೆಯ ಹಿರಿಯರು ಹೇಳುವ ಕೋರ್ಟು, ಕಚೇರಿ ಎರಡೂ ಒಂದೇ ಸೂರಿನಡಿ ಇರುವ ಜಾಗವದು.

ಆದರೆ ಕಚೇರಿ ಅಲ್ಲಿಗೇ ನಿಲ್ಲಲಿಲ್ಲ. ರಾಮನವಮಿಯ ಚಪ್ಪರದಲ್ಲಿ ತಂಬೂರಿ ಶ್ರುತಿಗೂಡಿದಾಗ ನಡೆಯುವುದು ಸಂಗೀತ ಕಚೇರಿ. ಹಳಗನ್ನಡದ ಓಲಗಕ್ಕೂ ಇದೇ ಆಯಿತು. ಓಲೈಸು ಎಂಬ ಪದದ ಬಂಧುವಾದ ಅದು ಒಂದು ಕಾಲಕ್ಕೆ ಅರಸನ ಆಸ್ಥಾನ, ಅರಸನ ಸೇವೆ. ಈಗ ಧಾರೆಯ ಮುಹೂರ್ತದಲ್ಲಿ ‘ಓಲಗ ಊದ್ರಪ್ಪ’ ಎಂದರೆ ನಾಗಸ್ವರ, ಡೋಲಿನವರು ಎಚ್ಚರಗೊಳ್ಳುತ್ತಾರೆ. ಅರಸರ ದೊಡ್ಡ ಸಭೆಯಾಗಿದ್ದ ಒಡ್ಡೋಲಗವನ್ನು ಯಕ್ಷಗಾನದವರು ಕಾಪಿಟ್ಟುಕೊಂಡಿದ್ದಾರೆ. ಕರಾವಳಿಯ ಬಯಲಿನಲ್ಲಿ ರಾತ್ರಿ ಚೆಂಡೆ ಮೊಳಗಿ, ತೆರೆಯ ಹಿಂದಿನಿಂದ ಪಾಂಡವರೋ ಕೌರವರೋ ಸಾಲಾಗಿ ಕುಣಿಯುತ್ತ ರಂಗಕ್ಕೆ ಬರುವುದೇ ಒಡ್ಡೋಲಗ.