ಇನ್‌ಪುಟ್ ಕರಾರು (ಪ್ರೋಗ್ರಾಮಿಂಗ್)

ಇನ್‌ಪುಟ್ ಕರಾರು ಎಂದರೆ ಒಂದು ಫಂಕ್ಷನ್ ಯಾವ ಬಗೆಯ ಮೌಲ್ಯಗಳನ್ನು ಸ್ವೀಕರಿಸುತ್ತದೆ, ಯಾವುದನ್ನು ಸ್ವೀಕರಿಸುವುದಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುವ ನಿಬಂಧನೆ. ಇದನ್ನು ಪೂರ್ವಷರತ್ತು ಎಂದೂ ಕರೆಯಬಹುದು. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಒಂದು ನಿರ್ದಿಷ್ಟ ಕೆಲಸಕ್ಕಾಗಿ ಹೆಸರಿಟ್ಟು ಪ್ರತ್ಯೇಕಿಸಿದ ಸೂಚನೆಗಳ ಗುಂಪಿಗೆ ಫಂಕ್ಷನ್ ಎಂದೂ, ಅದಕ್ಕೆ ಒದಗಿಸುವ ಮೌಲ್ಯಕ್ಕೆ ಇನ್‌ಪುಟ್ ಎಂದೂ ಹೆಸರು. ಷರತ್ತನ್ನು ಪೂರೈಸುವ ಹೊಣೆ ಫಂಕ್ಷನ್ನನ್ನು ಬಳಸುವವರದು. ಪೂರೈಸಿದ ಮೇಲೆ ಸರಿಯಾದ ಫಲಿತಾಂಶ ನೀಡುವ ಹೊಣೆ ಫಂಕ್ಷನ್ನಿನದು.

ಹಿನ್ನೆಲೆ

ಪ್ರೋಗ್ರಾಮಿನ ಒಂದು ಭಾಗ ನಡೆಯುವ ಮೊದಲು ಯಾವುದು ನಿಜವಾಗಿರಬೇಕು, ನಡೆದ ನಂತರ ಯಾವುದು ನಿಜವಾಗಿರುತ್ತದೆ ಎಂಬುದನ್ನು ತರ್ಕಶಾಸ್ತ್ರದ ಭಾಷೆಯಲ್ಲಿ ಬರೆಯುವ ಕ್ರಮವನ್ನು ಬ್ರಿಟಿಷ್ ವಿಜ್ಞಾನಿ ಟೋನಿ ಹೋರ್ 1969ರ ಪ್ರಬಂಧವೊಂದರಲ್ಲಿ ಮಂಡಿಸಿದರು. 1980ರ ದಶಕದಲ್ಲಿ ಬರ್ಟ್ರಾಂಡ್ ಮೇಯರ್ ತಮ್ಮ ಐಫೆಲ್ ಭಾಷೆಯಲ್ಲಿ ಈ ಷರತ್ತುಗಳನ್ನು ಭಾಷೆಯ ಅಂಗವನ್ನಾಗಿಯೇ ಮಾಡಿ, ಈ ವಿಧಾನಕ್ಕೆ 'ಡಿಸೈನ್ ಬೈ ಕಾಂಟ್ರಾಕ್ಟ್' ಎಂಬ ಹೆಸರಿತ್ತರು.

ಅಂಕಪಟ್ಟಿಯ ಉದಾಹರಣೆ

ವಿದ್ಯಾರ್ಥಿಯ ಅಂಕವನ್ನು ಶೇಕಡಾವಾರಿಗೆ ಪರಿವರ್ತಿಸುವ ಫಂಕ್ಷನ್ ಬಹುಸುಲಭವೆಂದು ತೋರುತ್ತದೆ. ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಪ್ರತಿ ವಿಷಯಕ್ಕೂ 100 ಅಂಕವೆಂದು ಭಾವಿಸಿ, ಬಂದ ಅಂಕವನ್ನೇ ಶೇಕಡಾವಾರು ಎಂದು ಹಿಂದಿರುಗಿಸುತ್ತಾರೆ. ಆದರೆ ಕರ್ನಾಟಕದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ 625 ಅಂಕಗಳ ಪದ್ಧತಿಯಲ್ಲಿ ಪ್ರಥಮ ಭಾಷೆಗೆ 125 ಅಂಕಗಳು, ಉಳಿದ ಐದು ವಿಷಯಗಳಿಗೆ ತಲಾ 100. ಕನ್ನಡದಲ್ಲಿ 112 ಅಂಕ ಪಡೆದವರಿಗೆ ಈ ಫಂಕ್ಷನ್ ಶೇ. 112 ಎಂದು ಉತ್ತರಿಸುತ್ತದೆ. ಸರಿಯಾದ ಉತ್ತರ ಶೇ. 89.6. ಪ್ರೋಗ್ರಾಮು ನಿಲ್ಲುವುದಿಲ್ಲ, ದೋಷಸೂಚನೆಯೂ ಬರುವುದಿಲ್ಲ. 95 ಅಂಕ ಪಡೆದವರ ತಪ್ಪು ಉತ್ತರವಂತೂ ಯಾರ ಕಣ್ಣಿಗೂ ಬೀಳದು, ಶೇ. 76 ಎಂದಿರಬೇಕಾದದ್ದು ಶೇ. 95 ಎಂದೇ ಉಳಿದುಬಿಡುತ್ತದೆ.

ಇಲ್ಲಿ "ಅಂಕವು 0ರಿಂದ 100ರೊಳಗಿನ ಸಂಖ್ಯೆ" ಎಂದು ಕರಾರನ್ನು ಬರೆಯಲು ಕುಳಿತರೆ, ಈ 100 ಎಲ್ಲಿಂದ ಬಂತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಗರಿಷ್ಠ ಅಂಕವನ್ನು ಎರಡನೆಯ ಇನ್‌ಪುಟ್ ಆಗಿ ಪಡೆಯಬೇಕೆಂಬುದು ಆಗ ಹೊಳೆಯುತ್ತದೆ. ತಿದ್ದಿದ ಕರಾರು ಹೀಗಿರುತ್ತದೆ: ಗರಿಷ್ಠ ಅಂಕವು ಸೊನ್ನೆಗಿಂತ ಹೆಚ್ಚಿನ ಸಂಖ್ಯೆ, ಪಡೆದ ಅಂಕವು ಸೊನ್ನೆಗಿಂತ ಕಡಿಮೆಯಲ್ಲದ, ಗರಿಷ್ಠವನ್ನು ಮೀರದ ಸಂಖ್ಯೆ. ಆದ್ದರಿಂದ ಕರಾರನ್ನು ಫಂಕ್ಷನ್ನಿನ ಒಡಲನ್ನು ಬರೆಯುವ ಮೊದಲೇ ಬರೆಯುವುದು ಒಳ್ಳೆಯದು. ಕೊನೆಗೆ ಸೇರಿಸುವ ಟಿಪ್ಪಣಿಯಿಂದ ಈ ಪ್ರಯೋಜನ ದೊರೆಯದು.

ಗೈರುಹಾಜರಾದವರ ವಿಷಯ ಇನ್ನೂ ಸೂಕ್ಷ್ಮವಾದುದು. ಅವರ ಅಂಕವನ್ನು ಸೊನ್ನೆ ಎಂದು ಫಂಕ್ಷನ್ ತಾನೇ ಊಹಿಸಿದರೆ ತರಗತಿಯ ಸರಾಸರಿ ಕುಸಿಯುತ್ತದೆ. ಪರೀಕ್ಷೆ ಬರೆದು ಸೊನ್ನೆ ಪಡೆದವರಿಗೂ ಬರೆಯದವರಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಅದು ಶಾಲೆ ನಿರ್ಧರಿಸಬೇಕಾದ ವಿಷಯ. ಫಂಕ್ಷನ್ ಇಂತಹ ಇನ್‌ಪುಟ್ಟನ್ನು ನಿರಾಕರಿಸುವುದೇ ಲೇಸು.

ಪೈಥಾನ್ ಭಾಷೆಯಲ್ಲಿ

ಪೈಥಾನ್‌ನಲ್ಲಿ ಕೀಲಿಮಣೆಯಿಂದ 'ಇನ್‌ಪುಟ್' ಆದೇಶದ ಮೂಲಕ ಓದಿದ್ದೆಲ್ಲವೂ ಅಕ್ಷರಸರಣಿಯಾಗಿಯೇ ಬರುತ್ತದೆ. ಹೀಗೆ ಓದಿದ 35 ಮತ್ತು 40ನ್ನು ಕೂಡಿಸಿದರೆ 75 ದೊರೆಯುವುದಿಲ್ಲ, 3540 ದೊರೆಯುತ್ತದೆ. ಇನ್‌ಪುಟ್ಟಿನ ಪಕ್ಕದಲ್ಲಿ ಅದರ ವಿಧವನ್ನು ನಮೂದಿಸುವ ಸೌಲಭ್ಯ ಈ ಭಾಷೆಯಲ್ಲಿದೆ. ಆದರೆ ಪ್ರೋಗ್ರಾಮು ನಡೆಯುವಾಗ ಪೈಥಾನ್ ಅದನ್ನು ತಾನಾಗಿ ಪರಿಶೀಲಿಸುವುದಿಲ್ಲ. ಅನೇಕರು ಇಲ್ಲಿ ಎಡವುತ್ತಾರೆ. 'ಅಸರ್ಟ್' ಹೇಳಿಕೆಯಿಂದ ಷರತ್ತನ್ನು ಪರೀಕ್ಷಿಸಬಹುದಾದರೂ, ಆಪ್ಟಿಮೈಸ್ ಆಯ್ಕೆಯೊಂದಿಗೆ ಪ್ರೋಗ್ರಾಮನ್ನು ನಡೆಸಿದಾಗ ಅಂತಹ ಹೇಳಿಕೆಗಳು ಕೈಬಿಟ್ಟುಹೋಗುತ್ತವೆ. ಹೊರಗಿನಿಂದ ಬರುವ ಇನ್‌ಪುಟ್ಟಿಗೆ, ಷರತ್ತು ಮುರಿದಾಗ 'ವ್ಯಾಲ್ಯೂಎರರ್' ಅಥವಾ 'ಟೈಪ್‌ಎರರ್' ಹೊರಡಿಸುವುದು ರೂಢಿ. ದೋಷದ ಸಂದೇಶದಲ್ಲಿ ಬಂದ ಮೌಲ್ಯವನ್ನೂ ನಿರೀಕ್ಷಿತ ಮಿತಿಯನ್ನೂ ತಿಳಿಸಿದರೆ ತಪ್ಪನ್ನು ಹುಡುಕುವುದು ಸುಲಭ. ಅಂದಹಾಗೆ, ಪೈಥಾನ್ 3ರಲ್ಲಿ ಫಂಕ್ಷನ್ನಿಗೂ ಇನ್‌ಪುಟ್ಟುಗಳಿಗೂ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು.

ಅರಿಯೇನ್ 5ರ ದುರಂತ

ಬರೆದಿಡದ ಕರಾರಿನಿಂದಾಗುವ ಹಾನಿಗೆ ಪ್ರಸಿದ್ಧ ನಿದರ್ಶನ 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಹಾರಿದ ಅರಿಯೇನ್ 5 ರಾಕೆಟ್‌ನದು. ಅದರ ದಿಕ್ಸೂಚಿ ವ್ಯವಸ್ಥೆಯ ತಂತ್ರಾಂಶವನ್ನು ಅರಿಯೇನ್ 4ರಿಂದ ಪಡೆಯಲಾಗಿತ್ತು. ಅದರಲ್ಲಿ ಅಡ್ಡದಿಕ್ಕಿನ ವೇಗಕ್ಕೆ ಸಂಬಂಧಿಸಿದ 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ಬದಲಿಸುವ ಹಂತವಿತ್ತು. ಅಂತಹ ಪೂರ್ಣಾಂಕದ ಗರಿಷ್ಠ ಮೌಲ್ಯ 32,767. ಅಪಾಯವಿದ್ದ ಏಳು ಪರಿವರ್ತನೆಗಳಲ್ಲಿ ನಾಲ್ಕಕ್ಕೆ ಮಾತ್ರ ರಕ್ಷಣೆಯಿತ್ತು. ಹಳೆಯ ರಾಕೆಟ್ಟಿನ ಪಥದಲ್ಲಿ ಈ ಮಿತಿ ಮೀರುವ ಸಂಭವವಿರಲಿಲ್ಲ. ಹೊಸ ರಾಕೆಟ್ಟಿನ ಅಡ್ಡವೇಗ ಬಹಳ ಹೆಚ್ಚಾಗಿದ್ದುದರಿಂದ ಮಿತಿ ಮೀರಿತು. ಒಂದೇ ತಂತ್ರಾಂಶವಿದ್ದ ಮುಖ್ಯ ಹಾಗೂ ಬದಲಿ ಘಟಕಗಳೆರಡೂ ನಿಂತುಹೋದವು. ಹಾರಾಟದ 40 ಸೆಕೆಂಡುಗಳೊಳಗೆ ರಾಕೆಟ್ ನಾಶವಾಗಿ, ಅದರಲ್ಲಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ಹಾಳಾದವು. ವಿಪರ್ಯಾಸವೆಂದರೆ, ನೆಲದಿಂದ ಮೇಲೆದ್ದ ನಂತರ ಆ ಲೆಕ್ಕಾಚಾರದಿಂದ ಅರಿಯೇನ್ 5ಕ್ಕೆ ಯಾವ ಉಪಯೋಗವೂ ಇರಲಿಲ್ಲ.

ಈ ಮಿತಿಯನ್ನು ಪೂರ್ವಷರತ್ತಾಗಿ ಪ್ರೋಗ್ರಾಮಿನಲ್ಲಿಯೇ ನಮೂದಿಸಿದ್ದರೆ ಮರುಬಳಕೆಯ ಸಂದರ್ಭದಲ್ಲಿ ಅದು ಗಮನಕ್ಕೆ ಬರುತ್ತಿತ್ತೆಂದು ಝಾನ್-ಮಾರ್ಕ್ ಜೆಜೆಕೆಲ್ ಮತ್ತು ಮೇಯರ್ 1997ರ ಲೇಖನದಲ್ಲಿ ವಾದಿಸಿದರು. ಹೊಸ ಪಥದ ದತ್ತಾಂಶದೊಂದಿಗೆ ಪರೀಕ್ಷೆಯನ್ನೇ ನಡೆಸದಿದ್ದಾಗ ಕರಾರೊಂದರಿಂದ ಅಷ್ಟು ಪ್ರಯೋಜನವಾಗುತ್ತಿರಲಿಲ್ಲವೆಂದು ಈ ವಾದವನ್ನು ಒಪ್ಪದವರೂ ಇದ್ದಾರೆ.